ಮಾನ್ಯ ದೇವರ ಸನ್ನಿಧಾನಕ್ಕೆ

ಹರಿಪ್ರಸಾದನಿಗೆ ಭಾನುವಾರವೆಂದರೆ ಆಗುತ್ತಿರಲಿಲ್ಲ. ವಾರದ ಉಳಿದ ದಿನಗಳಲ್ಲಿ ಅವನು ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಯಾವ ಕಚೇರಿ ಎಂದು ಹೇಳುವುದು ಬೇಡ. ಹೇಳಿದರೆ ಸ್ಪಷ್ಟೀಕರಣ ಕೇಳಿ ನಮಗೂ ಒಂದು ಕಾಗದ ಬರುತ್ತದೆ. ಕಚೇರಿಯಲ್ಲಿ ಅವನು ಕುರ್ಚಿಗೆ ಅಂಟಿ ಕೂತನೆಂದರೆ ಪಕ್ಕದ ಟೇಬಲ್ಲಿಗೆ ಬೆಂಕಿ ಬಿದ್ದರೂ ಏಳುವವನಲ್ಲ. ಅದೇ ಮನುಷ್ಯ ಭಾನುವಾರ ರಾಗಿಗುಡ್ಡದ ತನ್ನ ಮನೆಯಲ್ಲಿ ಕೂತಲ್ಲಿ ಕೂರುತ್ತಿರಲಿಲ್ಲ. ಗೇಟಿನ ಚಿಲಕ ಸರಿಮಾಡುತ್ತೇನೆಂದು ಹೊರಟು ಗೇಟನ್ನೇ ಕಳಚಿ ಗೋಡೆಗೆ ಒರಗಿಸುತ್ತಿದ್ದ. ಮಿಕ್ಸಿ ಸದ್ದು ಜಾಸ್ತಿ ಎಂದು ಬಿಚ್ಚುತ್ತಿದ್ದ. ಮತ್ತೆ ಜೋಡಿಸಿದ ಮೇಲೆ ಮಿಕ್ಸಿ ಸದ್ದನ್ನೇ ಮಾಡುತ್ತಿರಲಿಲ್ಲ. "ರೀ, ನಿಮ್ಮ ದಮ್ಮಯ್ಯ, ಎಲ್ಲಾದ್ರೂ ಹೋಗ್ಬನ್ನಿ" ಎಂದು ಹೆಂಡತಿ ಪುಷ್ಪಾ ಕೈಮುಗಿಯುತ್ತಿದ್ದಳು. ಎಲ್ಲಿಗೆ ಹೋಗುವುದೆಂದು ಅವನಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಶ್ರಾವಣದಲ್ಲಿ ಅವನ ಷಡ್ಡಕ ದುಶ್ಯಂತನ ಗೃಹಪ್ರವೇಶ ಬಂತು. ದುಶ್ಯಂತ ಎಂದರೆ ಪುಷ್ಪಾಳ ತಂಗಿ ಪ್ರಿಯದರ್ಶಿನಿಯ ಗಂಡ. ಟೈಲ್ಸ್ ಅಂಗಡಿ ಇಟ್ಟು ನಾಲ್ಕು ಕಾಸು ಮಾಡಿಕೊಂಡು, ಈಗ ಸಮಾಜಸೇವೆ ಹಿಡಿದವನು. ಯಾವುದೋ ಶಾಲೆಯ ಮಕ್ಕಳಿಗೆ ಸ್ಕೂಲ್ ಬ್ಯಾಗು ಹಂಚಿ, ಬ್ಯಾಗಿನ ಮೇಲೆ ತನ್ನ ಫೋಟೊ ಹಾಕಿಸಿದ್ದ. ವಿನೋಬನಗರದ ಹೊಸ ಮನೆಯಲ್ಲಿ ಎರಡನೇ ಪಂಕ್ತಿ ನಡೆಯುತ್ತಿತ್ತು. ದುಶ್ಯಂತ ಉಪಚಾರದ ನೆಪದಲ್ಲಿ ಬಂದು ಹರಿಪ್ರಸಾದನ ಎದುರು ನಿಂತ.

"ಅಣ್ಣಾ, ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ. ಅಲ್ಲಾ, ನಾವು ಸಮಾಜದಿಂದ ಎಷ್ಟು ತಗೊಂಡಿದೀವಿ ನೋಡಿ! ವಾಪಸ್ ಏನಾದ್ರೂ ಕೊಡ್ಬೇಕಲ್ಲ. ನೀವೇನು ಕೊಡ್ತಾ ಇದೀರಿ?"

ಪಂಕ್ತಿಯ ಇಪ್ಪತ್ತು ತಲೆಗಳು ಹರಿಪ್ರಸಾದನ ಕಡೆ ತಿರುಗಿದವು. ತುಪ್ಪದವನು ಸೌಟು ಹಿಡಿದುಕೊಂಡು ಅಲ್ಲೇ ನಿಂತ. ಬಾಯಲ್ಲಿದ್ದ ಹೋಳಿಗೆಯನ್ನು ಹರಿಪ್ರಸಾದ ಅಗಿಯದೆ ನುಂಗಿದ.

"ನಾನಾ? ನಾನು ಭಾನುವಾರ ಭಾನುವಾರ ಬಡ ಮಕ್ಕಳಿಗೆ ಪಾಠ ಹೇಳ್ಕೊಡ್ತೀನಿ."

"ಹೌದಾ! ಎಲ್ಲಿ?"

ಶಿವಮೊಗ್ಗ ಎಂದರೆ ನಾಳೆಯೇ ಬಂದು ನೋಡುತ್ತಾರೆ. "ಭದ್ರಾವತೀಲಿ" ಎಂದ ಹರಿಪ್ರಸಾದ.

ಎದುರು ಸಾಲಿನಲ್ಲಿ ಕೂತಿದ್ದ ಪುಷ್ಪಾ ಎಲೆಯಿಂದ ತಲೆ ಎತ್ತಿ ಗಂಡನನ್ನು ನೋಡಿದಳು. ಅವಳ ಪಕ್ಕದಲ್ಲಿದ್ದ ಪ್ರಿಯದರ್ಶಿನಿ ಮಾತ್ರ ಕುಣಿದಾಡಿದಳು. "ಭಾವಾ, ಒಂದು ಮಾತೂ ಹೇಳಿಲ್ವಲ್ಲ! ನಾನೇ ಬಂದು ವಿಡಿಯೊ ಮಾಡ್ತೀನಿ, ಎಲ್ಲರಿಗೂ ಗೊತ್ತಾಗ್ಲಿ."

ಮನೆಗೆ ಬಂದ ಮೇಲೆ ಪುಷ್ಪಾ ಜಗಳವಾಡಲಿಲ್ಲ. ಸೀರೆ ಮಡಿಸುತ್ತಾ ಶಾಂತವಾಗಿ ಹೇಳಿದಳು: "ಹೇಳಿದ್ದು ಹೇಳಿ ಆಯ್ತು. ಈ ಭಾನುವಾರ ಭದ್ರಾವತಿಗೆ ಹೋಗಿ. ಬಡ ಮಕ್ಕಳನ್ನ ಹುಡುಕಿ. ನನ್ನ ತಂಗಿ ಬರೋ ಹೊತ್ತಿಗೆ ಅಲ್ಲಿ ಮಕ್ಕಳು ಇರ್ಬೇಕು, ನೀವು ಇರ್ಬೇಕು, ನಿಮ್ಮ ಕೈಯಲ್ಲಿ ಚಾಕ್‌ಪೀಸ್ ಇರ್ಬೇಕು."

ಹೀಗೆ ನಮ್ಮ ಕಥಾನಾಯಕ ಚಾಕೊಲೇಟಿನ ಒಂದು ದೊಡ್ಡ ಪೊಟ್ಟಣವನ್ನು ಚೀಲದಲ್ಲಿ ಹಾಕಿಕೊಂಡು ಖಾಸಗಿ ಬಸ್ಸು ಹತ್ತಿ ಸಮಾಜಸೇವೆಗೆ ಹೊರಟ. ಭದ್ರಾವತಿಯಲ್ಲಿ ಇಳಿದು ಆ ಬೀದಿ ಈ ಬೀದಿ ಅಲೆದು, ಕೊನೆಗೆ ನ್ಯೂ ಟೌನ್ ಹತ್ತಿರ ಒಂದು ಟೀ ಅಂಗಡಿಯ ಮುಂದೆ ನಿಂತ. ಅಂಗಡಿಯವನನ್ನು ಕೇಳಿದ:

"ಇಲ್ಲಿ ಬಡ ಮಕ್ಕಳು ಎಲ್ಲಿ ಸಿಗ್ತಾರೆ?"

ಟೀ ಎತ್ತಿ ಹೊಯ್ಯುತ್ತಿದ್ದ ಅಂಗಡಿಯವನ ಕೈ ಮೇಲೆಯೇ ನಿಂತಿತು. "ಎಷ್ಟು ಬೇಕಿತ್ತು?"

"ಎಷ್ಟಾದ್ರೂ ಪರವಾಗಿಲ್ಲ. ಮಧ್ಯಾಹ್ನ ಬಸ್ಸಿಗೆ ಹೊರಡ್ಬೇಕು, ಸ್ವಲ್ಪ ಬೇಗ ಸಿಕ್ಕಿದ್ರೆ ಒಳ್ಳೇದು."

ಟೀ ಕುಡಿಯುತ್ತಿದ್ದವರೆಲ್ಲ ಗ್ಲಾಸು ಕೆಳಗಿಟ್ಟರು. ಯಾರೋ ಚೀಲ ಕಿತ್ತು ತೆರೆದರು. ಒಳಗೆ ಚಾಕೊಲೇಟು. ಇನ್ನೇನು ಬೇಕು? "ಮಕ್ಕಳ ಕಳ್ಳ!" ಎಂದು ಒಬ್ಬ ಕೂಗಿದ. "ಮುಖ ನೋಡಿದ್ರೇ ಗೊತ್ತಾಗುತ್ತೆ" ಎಂದ ಇನ್ನೊಬ್ಬ. "ಪಾಡಂ, ಪಾಡಂ... ಪಾಠ ಹೇಳೋಕೆ ಬಂದೋನು ನಾನು!" ಎಂದು ಹರಿಪ್ರಸಾದ, ಗುಂಪಿನಲ್ಲಿ ತಮಿಳೂ ಕೇಳಿಸಿದ್ದರಿಂದ, ಗಾಬರಿಯಲ್ಲಿ ತನಗೆ ಬಾರದ ತಮಿಳನ್ನೂ ಸೇರಿಸಿ ಕಿರುಚಿದ. ಅವನ ಕಾಲರು ಆಗಲೇ ಎರಡು ಕೈಗಳಲ್ಲಿತ್ತು.

ಅಷ್ಟರಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಹಿಡಿದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಗುಂಪಿನೊಳಗೆ ನುಗ್ಗಿದಳು. ಅವಳು ಸ್ಟೆಲ್ಲಾ, ಹತ್ತಿರದ ಕ್ರೈಸ್ತ ಮಕ್ಕಳ ಕೇಂದ್ರದಲ್ಲಿ ಅಡುಗೆಯವಳು. "ಏನಂದ್ರಿ? ಪಾಠವಾ? ಲೆಕ್ಕ ಬರುತ್ತಾ ನಿಮಗೆ?"

"ಬರುತ್ತೆ ತಾಯಿ, ಬಿಎಸ್ಸಿ."

"ಅಯ್ಯೋ ಕಡವುಳೇ, ನನ್ನ ದೇವರೇ! ಬಿಡ್ರೋ ಅವ್ರನ್ನ! ಮಕ್ಕಳಿಗೆ ಲೆಕ್ಕ ಹೇಳೋಕೆ ಒಬ್ರನ್ನ ಕಳ್ಸಪ್ಪಾ ಅಂತ ದಿನಾ ಪ್ರಾರ್ಥನೆ ಮಾಡ್ತಾ ಇದೀವಿ, ಬಂದ ಮನುಷ್ಯನ್ನ ನೀವು ಇಲ್ಲೇ ಹೊಡೆದು ಸಾಯಿಸ್ತಾ ಇದೀರಲ್ಲ!"

ಅವಳು ಅವನ ಕೈ ಹಿಡಿದು ಎಳೆದುಕೊಂಡೇ ಹೋದಳು. ಹೀಗೆ ಹರಿಪ್ರಸಾದ ಇತರರ ಪ್ರಾರ್ಥನೆಗೆ ಬಂದ ಉತ್ತರವಾಗಿ, ಕಾಲರು ಹರಿದುಕೊಂಡು, ಆ ಕೇಂದ್ರದೊಳಗೆ ಕಾಲಿಟ್ಟ.

ಕೇಂದ್ರವೆಂದರೆ ಮೊದಲು ಲೇತ್ ವರ್ಕ್‌ಶಾಪ್ ಆಗಿದ್ದ ಒಂದು ಉದ್ದನೆಯ ಶೀಟಿನ ಶೆಡ್ಡು. ಅದನ್ನು ನಡೆಸುತ್ತಿದ್ದವರು ಪಾಸ್ಟರ್ ಯುವರಾಜ್. ಹಿಂದೆ ವೆಲ್ಡಿಂಗ್ ಕೆಲಸ ಮಾಡುತ್ತಿದ್ದವರು, ಈಗ ಗಾರೆ ಕೆಲಸದವರ, ಗುಜರಿ ಆಯುವವರ, ಬೀದಿ ಗುಡಿಸುವವರ ಮಕ್ಕಳನ್ನು ಕೂಡಿಸಿ ಪಾಠ, ಹಾಡು, ಒಂದು ಹೊತ್ತು ಬಿಸಿ ಊಟ ಎಂದು ಒದ್ದಾಡುತ್ತಿದ್ದವರು. ಅವರು ಹರಿಪ್ರಸಾದನನ್ನು ಅಪ್ಪಿಕೊಂಡರು. ಆಮೇಲೆ ಶೆಡ್ಡಿನ ಸೂರು ನೋಡಿ ನಿಟ್ಟುಸಿರು ಬಿಟ್ಟರು.

"ಬಂದಿದೀರಿ, ದೇವರಿಗೆ ಸ್ತೋತ್ರ. ಆದ್ರೆ ಎಷ್ಟು ದಿನ ಇರ್ತೀವೋ ಗೊತ್ತಿಲ್ಲ ಬ್ರದರ್. ಶೆಡ್ಡು ಹೊಳೆಹೊನ್ನೂರಿನ ಕೃಷ್ಣಪ್ಪನವರದ್ದು. ಅಡಿಕೆ ಮೂಟೆ ಇಡೋಕೆ ಬೇಕಂತೆ, ಡಿಸೆಂಬರ್ ಮುಗಿಯೋದ್ರೊಳಗೆ ಖಾಲಿ ಮಾಡಿ ಅಂದಿದಾರೆ. ಮಕ್ಕಳು ಗಲಾಟೆ ಮಾಡ್ತಾರೆ ಅಂತ ಬೇರೆ ಯಾರೂ ಜಾಗ ಕೊಡಲ್ಲ. ಇದು ಹೋದ್ರೆ ಇವರೆಲ್ಲ ಮತ್ತೆ ಬೀದೀಲೇ."

ಹರಿಪ್ರಸಾದ ಮಗ್ಗಿ ಹೇಳಿಕೊಟ್ಟ. ಅವನಿಗೇ ಆಶ್ಚರ್ಯವಾಗುವಂತೆ ಆ ಬೆಳಗ್ಗೆ ಅವನ ಕೈ ಯಾವ ಸ್ಕ್ರೂವನ್ನೂ ಹುಡುಕಲಿಲ್ಲ. ಪೂಜಿತಾ ಎಂಬ ಎರಡು ಜಡೆಯ ಪುಟ್ಟ ಹುಡುಗಿ ಅವನ ಪಕ್ಕದಿಂದ ಕದಲಲೇ ಇಲ್ಲ. ಊಟದ ಹೊತ್ತಿಗೆ ಅವಳು ಅವನ ಕಿವಿಯಲ್ಲಿ ಪಿಸುಗುಟ್ಟಿದಳು: "ಅಂಕಲ್, ಇವತ್ತು ಮೊಟ್ಟೆ ಇಲ್ಲ."

ತಟ್ಟೆಗಳು ಸಾಲಾದವು. ಸ್ಟೆಲ್ಲಾ ಅನ್ನದ ಪಾತ್ರೆ ತಂದಿಟ್ಟಳು. ಆಗ ಯುವರಾಜ್ ಎದ್ದುನಿಂತು, "ಇವತ್ತು ಹೊಸಬರು ಬಂದಿದಾರೆ. ಊಟದ ಪ್ರಾರ್ಥನೆ ಅವರೇ ಮಾಡ್ಲಿ" ಎಂದುಬಿಟ್ಟರು.

ಇಲ್ಲಿ ಓದುಗರು ಹರಿಪ್ರಸಾದನ ಕಷ್ಟವನ್ನು ಅರ್ಥಮಾಡಿಕೊಳ್ಳಬೇಕು. ಅವನ ಮನೆಯಲ್ಲಿ ದೇವರ ಮುಂದೆ ನಿಂತರೆ ಬಾಯಿಪಾಠವಾದ ಶ್ಲೋಕವೊಂದಿತ್ತು. ಅದು ಮುಗಿದರೆ ಊದುಬತ್ತಿ ಹಚ್ಚಿ ಈಚೆ ಬಂದರಾಯಿತು. ದೇವರ ಹತ್ತಿರ ಸ್ವಂತ ಮಾತಿನಲ್ಲಿ, ಎಲ್ಲರಿಗೂ ಕೇಳುವಂತೆ, ಅಲ್ಲೇ ಹೊಸೆದು ಮಾತಾಡಬೇಕೆಂದರೆ ಹೇಗೆ? ಮಕ್ಕಳೆಲ್ಲ ಕಣ್ಣು ಮುಚ್ಚಿ ಕಾಯುತ್ತಿದ್ದವು. ತನಗಿಂತ ಮೇಲಿನವರಿಗೆ ಏನನ್ನಾದರೂ ಕೇಳಿಕೊಳ್ಳುವ ಒಂದೇ ಒಂದು ಕ್ರಮ ಅವನಿಗೆ ಗೊತ್ತಿತ್ತು. ಅದನ್ನೇ ಶುರುಮಾಡಿದ.

"ಮಾನ್ಯ ದೇವರ ಸನ್ನಿಧಾನಕ್ಕೆ. ಮಾನ್ಯರೆ. ವಿಷಯ: ಊಟ ಒದಗಿಸಿದ್ದಕ್ಕೆ ಕೃತಜ್ಞತೆ ಸಲ್ಲಿಸುವ ಹಾಗೂ ಮೊಟ್ಟೆ ಮಂಜೂರು ಮಾಡಿಕೊಡುವ ಕುರಿತು. ಉಲ್ಲೇಖ: ವಿದ್ಯಾರ್ಥಿನಿ ಕುಮಾರಿ ಪೂಜಿತಾ ಇವರ ಇಂದಿನ ಮೌಖಿಕ ಮನವಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ಮಕ್ಕಳು ಬೆಳಗ್ಗಿನಿಂದ ಮಗ್ಗಿ ಕಲಿತು ಹಸಿದಿರುತ್ತಾರೆ. ಅನ್ನ ಮತ್ತು ಸಾಂಬಾರು ಸ್ವೀಕೃತವಾಗಿದ್ದು, ಮೊಟ್ಟೆ ಬಾಕಿ ಇರುತ್ತದೆ. ಆದ್ದರಿಂದ ತಾವು ಖುದ್ದು ಗಮನ ಹರಿಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿದೆ. ತಮ್ಮ ವಿಧೇಯ, ಹರಿಪ್ರಸಾದ್, ಪ್ರಥಮ ದರ್ಜೆ ಸಹಾಯಕ."

ಯುವರಾಜ್ ಒಂದು ಕಣ್ಣು ತೆರೆದು ಅವನನ್ನು ನೋಡಿ, ಮತ್ತೆ ಮುಚ್ಚಿ, "ಆಮೆನ್" ಎಂದರು. ಮಕ್ಕಳೂ "ಆಮೆನ್" ಎಂದವು. ಅದೇ ಹೊತ್ತಿಗೆ ಹೊರಗೆ ಸ್ಕೂಟರಿನ ಹಾರನ್ನು ಕೇಳಿಸಿತು. ಮೊಮ್ಮಗನ ಹುಟ್ಟುಹಬ್ಬವೆಂದು ಯಾರೋ ಪುಣ್ಯಾತ್ಮ ಬೇಯಿಸಿದ ಮೊಟ್ಟೆಗಳ ಪಾತ್ರೆಯನ್ನೇ ಕಾಲ ಮೇಲಿಟ್ಟುಕೊಂಡು ಬಂದಿದ್ದ.

ಸ್ಟೆಲ್ಲಾ ಸೌಟು ಕೆಳಗಿಟ್ಟಳು. "ನಮ್ ಪಾಸ್ಟರು ಪ್ರಾರ್ಥನೆ ಮಾಡಿದ್ರೆ ಕಣ್ಣೀರು ಬರುತ್ತೆ. ಇವ್ರು ಮಾಡಿದ್ರೆ ಮೊಟ್ಟೆ ಬರುತ್ತೆ!"

ಇಷ್ಟಕ್ಕೇ ನಿಂತಿದ್ದರೆ ಕಾಕತಾಳೀಯ ಎಂದು ಬಿಡಬಹುದಿತ್ತು. ಮುಂದಿನ ವಾರ 'ವಿಷಯ: ಸೋರುತ್ತಿರುವ ಶೀಟು' ಆಯಿತು, ಪಕ್ಕದ ಬೀದಿಯಲ್ಲಿ ಮನೆ ಕೆಡವಿದವರು ಹಳೆಯ ಶೀಟುಗಳನ್ನು ತಂದುಕೊಟ್ಟರು. 'ವಿಷಯ: ಸೀಲಿಂಗ್ ಫ್ಯಾನ್' ಆಯಿತು, ಫ್ಯಾನು ಬಂತು, ಜೊತೆಗೆ ರೆಗ್ಯುಲೇಟರೂ ಬಂತು. ಮಕ್ಕಳು ಅವನಿಗೆ 'ಅರ್ಜಿ ಅಂಕಲ್' ಎಂದು ಹೆಸರಿಟ್ಟವು. ಅಕ್ಕಪಕ್ಕದ ಹೆಂಗಸರು ಊಟದ ಹೊತ್ತಿಗೆ ಬಾಗಿಲಲ್ಲಿ ಬಂದು ನಿಲ್ಲತೊಡಗಿದರು. "ಅವರದ್ದು ಎಲ್ಲೂ ನಿಲ್ಲಲ್ಲ ಕಣಕ್ಕಾ, ಡೈರೆಕ್ಟಾಗಿ ಮೇಜಿಗೇ ಹೋಗುತ್ತೆ" ಎಂದು ಸ್ಟೆಲ್ಲಾ ಅವರಿಗೆ ವಿವರಿಸುತ್ತಿದ್ದಳು. ಹರಿಪ್ರಸಾದ ಮೊದಮೊದಲು ನಾಚಿದ. ಆಮೇಲೆ, ಸುಳ್ಳು ಏಕೆ ಹೇಳಬೇಕು, ಅವನಿಗೂ ಸ್ವಲ್ಪ ಕೊಂಬು ಬಂತು. ಜೀವಮಾನದಲ್ಲಿ ಅವನು ಬರೆದ ಯಾವ ಕಾಗದಕ್ಕೂ ಇಷ್ಟು ಬೇಗ ಉತ್ತರ ಬಂದಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಪ್ರಿಯದರ್ಶಿನಿ ಹೇಳಿದಂತೆಯೇ ಬಂದು ವಿಡಿಯೊ ಮಾಡಿದಳು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಅದು ಬಿತ್ತು. ಹರಿಪ್ರಸಾದನ ಮನೆಯಲ್ಲೇ ಇದ್ದ ಅತ್ತೆ ಹಾಲಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ನೋಡಿ ಎದೆ ಹಿಡಿದುಕೊಂಡರು.

"ಅಯ್ಯಯ್ಯೋ, ಅಳಿಯಂದ್ರು ಪಾದ್ರಿ ಆಗ್ಬಿಟ್ರಲ್ಲೇ ಪುಷ್ಪಾ! ನಮ್ಮ ಮನೆದೇವ್ರಿಗೆ ಏನಂತ ಮುಖ ತೋರ್ಸ್ಲಿ?"

"ಅಮ್ಮಾ, ಅವರು ಲೆಕ್ಕ ಹೇಳ್ಕೊಡ್ತಾರೆ ಅಷ್ಟೇ. ಸುಮ್ನಿರು ಮಾರಾಯ್ತಿ."

ಪಕ್ಕದ ಮನೆಯ ಶಾಂತಮ್ಮ ಸಮಾಧಾನ ಹೇಳಲು ಬಂದವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಸ್ವರ ತಗ್ಗಿಸಿದರು. "ಹಾಲಕ್ಕಾ, ಆಗಿದ್ದು ಆಗೋಯ್ತು. ನಿಮ್ಮಳಿಯಂದ್ರು ಕೇಳಿದ್ದೆಲ್ಲ ಅಲ್ಲಿ ಪಾಸಾಗುತ್ತಂತಲ್ಲ. ನಮ್ಮ ಬೋರ್‌ವೆಲ್‌ದು ಒಂದು ಹೇಳ್ಸ್ತೀರಾ?"

ಹಾಲಮ್ಮನವರ ಅಳು ತಟ್ಟನೆ ನಿಂತಿತು. "ಅದು ಹೇಗಾಗುತ್ತೆ? ಮೊದ್ಲು ನನ್ನ ಮೊಣಕಾಲು. ನಾನು ಮನೆಯವಳು." ಸಂಜೆ ಅಳಿಯ ಬಂದಾಗ ಅವರೇ ಬಾಗಿಲಿಗೆ ಬಂದರು. "ಅಳಿಯಂದ್ರೇ, ಎರಡು ಕಾಲಿಂದೂ ಸೇರಿಸಿ ಹಾಕಿ. ಆದ್ರೆ ಮನೆದೇವ್ರಿಗೆ ಗೊತ್ತಾಗೋ ಹಾಗೆ ಮಾಡ್ಬೇಡಿ."

"ಅತ್ತೆ, ಅದು ಮಕ್ಕಳ ಕೇಂದ್ರ. ನಿಮ್ಮ ಮೊಣಕಾಲು ಆ ವ್ಯಾಪ್ತಿಗೆ ಬರಲ್ಲ" ಎಂದು ಹರಿಪ್ರಸಾದ ತಪ್ಪಿಸಿಕೊಂಡ.

ಕಚೇರಿಯಲ್ಲೂ ಬಿಡುಗಡೆ ಇರಲಿಲ್ಲ. ಸೂಪರಿಂಟೆಂಡೆಂಟ್ ಪುಟ್ಟಣ್ಣನವರು ಕರೆಸಿದರು. "ಏನ್ರೀ ಹರಿಪ್ರಸಾದ್, ಮೇಲಿನವರ ಜೊತೆ ನೇರವಾಗಿ ವ್ಯವಹಾರ ಇಟ್ಕೊಂಡಿದೀರಂತೆ?"

"ಸಾರ್, ಅದು ಬರೀ ಬಾಯಿಮಾತು."

"ಬಾಯಿಮಾತೋ ಕಾಗದವೋ, ಪ್ರಾಪರ್ ಚಾನಲ್ ಅಂತ ಒಂದಿದೆಯೋ ಇಲ್ವೋ? ನನ್ನ ದಾಟಿ ಹೋಗಿದೀರಿ ನೀವು! ದೇವರಿಗೆ ಹೇಳಿದ್ದು ಅಲ್ಲಿ ಅರ್ಧ ಗಂಟೇಲಿ ಆಗುತ್ತೆ, ನಾನು ಕೊಟ್ಟ ಫೈಲು ನಿಮ್ಮ ಟೇಬಲ್ ಮೇಲೆ ದಸರಾದಿಂದ ಮಲಗಿದೆ." ಪುಟ್ಟಣ್ಣನವರು ಎದ್ದು ಬಾಗಿಲು ಹಾಕಿ ಬಂದರು. "ಹೋಗ್ಲಿ ಬಿಡಿ. ನನ್ನ ಪ್ರಮೋಷನ್ ವಿಷಯ ಅಲ್ಲೊಂದು ಮಾತು ಸೇರಿಸೋಕಾಗುತ್ತಾ?"

ಡಿಸೆಂಬರ್ ಬಂತು. ಕೇಂದ್ರದಲ್ಲಿ ಬಣ್ಣದ ಕಾಗದದ ನಕ್ಷತ್ರ ತೂಗುಹಾಕಿದರು. ಮಕ್ಕಳು ಹಾಡು ಕಲಿಯತೊಡಗಿದವು. ಶೆಡ್ಡು ಖಾಲಿ ಮಾಡುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಹರಿಪ್ರಸಾದನೇ ತಡೆಯಲಾರದೆ ಕೇಳಿದ: "ಪಾಸ್ಟರ್, ಬೇರೆ ಜಾಗ ನೋಡಿದ್ರಾ?"

"ಯಾಕೆ ಬ್ರದರ್?" ಯುವರಾಜ್ ನಕ್ಕರು. "ನೀವು ಪ್ರಾರ್ಥನೆ ಮಾಡ್ತೀರಲ್ಲ."

ಹರಿಪ್ರಸಾದನಿಗೆ ಆಗ ಹೊಳೆಯಿತು. ಮೊಟ್ಟೆ ಬರದಿದ್ದರೆ ಮೊಟ್ಟೆ ಇಲ್ಲ, ಅಷ್ಟೇ. ಶೆಡ್ಡು ಹೋದರೆ? ಈ ಜನ ತನ್ನನ್ನು ನಂಬಿ ಕೈಕಟ್ಟಿ ಕೂತಿದ್ದಾರೆ! ಅಂದಿನಿಂದ ಅವನಿಗೆ ಭಾನುವಾರವಷ್ಟೇ ಅಲ್ಲ, ವಾರವಿಡೀ ಕೂತಲ್ಲಿ ಕೂರಲಾಗಲಿಲ್ಲ. ಕಚೇರಿ ಬಿಟ್ಟ ತಕ್ಷಣ ಭದ್ರಾವತಿಯ ಬಸ್ಸು ಹತ್ತಿ, ಮುಚ್ಚಿದ ಗಿರಣಿ, ಖಾಲಿ ಮಳಿಗೆ, ಹಾಳುಬಿದ್ದ ಕಲ್ಯಾಣಮಂಟಪ ಎಲ್ಲ ತಿರುಗಿದ. "ಮಕ್ಕಳಾ? ಬೇಡ ಸಾರ್, ಕಿವಿ ಹೋಗುತ್ತೆ" ಎಂದರು ಕೆಲವರು. "ಯಾರ ಮಕ್ಕಳು?" ಎಂದು ಕೇಳಿ ತಿಳಿದು, ಮುಖ ಸಿಂಡರಿಸಿ ಬಾಗಿಲು ಹಾಕಿದರು ಇನ್ನು ಕೆಲವರು. ಅದರಿಂದ ಅವನಿಗೆ ತುಂಬ ನೋವಾಯಿತು.

ಕೊನೆಗೆ ಯುವರಾಜರ ಎದುರು ಕೂತು ಎಲ್ಲ ಒಪ್ಪಿಸಿದ. "ಪಾಸ್ಟರ್, ನನಗೆ ಪ್ರಾರ್ಥನೆ ಬರಲ್ಲ. ಅದು ಆಫೀಸಿನ ಕಾಗದದ ನಮೂನೆ. ನಾನು ಷಡ್ಡಕನ ಮುಂದೆ ಬಡಾಯಿ ಕೊಚ್ಚಿ ಸಿಕ್ಕಿಹಾಕ್ಕೊಂಡು ಇಲ್ಲಿಗೆ ಬಂದೋನು. ದಯವಿಟ್ಟು ನನ್ನ ನಂಬಬೇಡಿ, ಜಾಗ ಹುಡುಕಿ."

ಯುವರಾಜರ ಕಣ್ಣು ಒದ್ದೆಯಾಯಿತು. "ಎಂಥ ತಗ್ಗಿದ ಮನಸ್ಸು ಬ್ರದರ್ ನಿಮ್ಮದು! ಅದಕ್ಕೇ ನಿಮ್ಮದು ಮೇಲೆ ಕೇಳಿಸುತ್ತೆ."

ಹೊರಗೆ ಪೂಜಿತಾ ಕಾಯುತ್ತಿದ್ದಳು. "ಅಂಕಲ್, ನಾನು ಹೊಸ ವರ್ಷಕ್ಕೆ ಹದಿಮೂರರ ಮಗ್ಗಿ ಕಲಿತು ಬರ್ತೀನಿ. ಇಲ್ಲಿಗೇ ಬರೋದಲ್ವಾ?"

"ಇಲ್ಲಿಗೇ" ಎಂದ ಹರಿಪ್ರಸಾದ. ಆ ಮಾತು ಬಾಯಿಂದ ಬಂದದ್ದೇ ತಡ, ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಸ್ ನಿಲ್ದಾಣದವರೆಗೆ ಓಡಿಕೊಂಡೇ ಹೋದ.

ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ. ಊಟದ ಹೊತ್ತಿಗೆ ಸರಿಯಾಗಿ ಶೆಡ್ಡಿನ ಮುಂದೆ ಜೀಪು ಬಂದು ನಿಂತಿತು. ಕೃಷ್ಣಪ್ಪನವರು ಇಳಿದರು. ಬಿಳಿ ಪಂಚೆ, ಹೆಗಲ ಮೇಲೆ ವಲ್ಲಿ, ಹಿಂದೆ ಟೇಪು ಹಿಡಿದ ಮೇಸ್ತ್ರಿ. ಒರಟು ಮನುಷ್ಯರೇನಲ್ಲ. ತಟ್ಟೆ ಹಿಡಿದ ಮಕ್ಕಳನ್ನು ನೋಡಿ, "ಊಟ ಆಗ್ಲಿ, ಊಟ ಆಗ್ಲಿ. ಆಮೇಲೆ ಅಳತೆ ತಗೊಳ್ತೀವಿ" ಎಂದು ಹಿಂದಿನ ಕುರ್ಚಿಯಲ್ಲಿ ಕೂತರು.

ಎಲ್ಲರೂ ಹರಿಪ್ರಸಾದನ ಕಡೆ ನೋಡಿದರು. ಸ್ಟೆಲ್ಲಾ ಸೆರಗು ತಲೆಗೆ ಹೊದ್ದು ತಯಾರಾಗಿ ನಿಂತಳು. ಬಾಗಿಲಲ್ಲಿ ಹೆಂಗಸರು ಕಿಕ್ಕಿರಿದರು. ಹರಿಪ್ರಸಾದ ಎದ್ದ. ಕಣ್ಣು ಮುಚ್ಚಿದ.

"ಮಾನ್ಯ ದೇವರ ಸನ್ನಿಧಾನಕ್ಕೆ. ಮಾನ್ಯರೆ. ವಿಷಯ: ಶೆಡ್ಡು." ಒಂದು ಕಣ್ಣು ತೆರೆದು ಕೃಷ್ಣಪ್ಪನವರತ್ತ ನೋಡಿ, ಮತ್ತೆ ಮುಚ್ಚಿಕೊಂಡ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಸದರಿ ಶೆಡ್ಡಿನ ಮಾಲೀಕರಾದ ಶ್ರೀ ಕೃಷ್ಣಪ್ಪ ಬಿನ್ ಲೇಟ್ ಸುಬ್ಬಪ್ಪ, ಹೊಳೆಹೊನ್ನೂರು ವಾಸಿ, ಇವರು ಇದನ್ನು ಅಡಿಕೆ ಮೂಟೆಗಳ ಸಲುವಾಗಿ ತೆರವುಗೊಳಿಸಲು ಸೂಚಿಸಿರುತ್ತಾರೆ. ತೆರವುಗೊಳಿಸಿದಲ್ಲಿ ಮಕ್ಕಳನ್ನು ಇಡಲು ಬೇರೆ ಸ್ಥಳ ಇರುವುದಿಲ್ಲ. ನಾನು ಖುದ್ದು ಪರಿಶೀಲಿಸಿರುತ್ತೇನೆ, ಎಲ್ಲೂ ಇರುವುದಿಲ್ಲ. ಆದ್ದರಿಂದ ಸದರಿ ಮಾಲೀಕರಿಂದ ವಿವರಣೆ ಪಡೆದು, ತಾವೇ ಸೂಕ್ತ ಆದೇಶ ನೀಡಬೇಕಾಗಿ ಕೋರಿದೆ. ತಮ್ಮ ವಿಧೇಯ, ಹರಿಪ್ರಸಾದ್." ಎಷ್ಟೋ ವರ್ಷಗಳ ಅಭ್ಯಾಸ, ಅಷ್ಟಕ್ಕೆ ನಿಲ್ಲಿಸಲು ನಾಲಿಗೆ ಬಿಡಲಿಲ್ಲ. "ಪ್ರತಿಯನ್ನು ಶ್ರೀ ಕೃಷ್ಣಪ್ಪನವರಿಗೆ, ಮಾಹಿತಿಗಾಗಿ ಹಾಗೂ ಮುಂದಿನ ಕ್ರಮಕ್ಕಾಗಿ."

ಮಕ್ಕಳು 'ಆಮೆನ್' ಎನ್ನಲು ಬಾಯಿ ತೆರೆದವು.

"ಏಯ್ ಏಯ್ ಏಯ್! ತಡೀರಿ! ಆಮೆನ್ ಅನ್ಬೇಡ್ರೋ ಮಾರಾಯ್ರಾ!"

ಕೃಷ್ಣಪ್ಪನವರು ಕುರ್ಚಿ ಉರುಳಿಸಿ ಎದ್ದಿದ್ದರು. ಕಾಡುಹಂದಿಗೆ ಹೆದರದ, ಅಡಿಕೆ ಧಾರಣೆ ಬಿದ್ದಾಗಲೂ ನಿದ್ದೆ ಮಾಡಿದ ಮನುಷ್ಯ. ಆದರೆ ತಮ್ಮ ಹೆಸರಿನ ಮುಂದೆ 'ಬಿನ್' ಎಂದು ಸೇರಿಸಿ ಓದಿದ ಯಾವ ಕಾಗದದಿಂದಲೂ ಅವರಿಗೆ ಇದುವರೆಗೆ ಒಳ್ಳೆಯದಾಗಿರಲಿಲ್ಲ.

"ರೀ ಸಾಹೇಬ್ರೆ, ನನ್ನ ಹೆಸರು ಯಾಕ್ ಹಾಕಿದ್ರಿ? ನಾನು ನಿಮ್ಮ ದೇವರ ತಂಟೆಗೆ ಬಂದಿದೀನಾ? ಅದೂ ನಮ್ಮಪ್ಪನ ಹೆಸರು ಸೇರಿಸಿ!"

"ಶೆಡ್ಡಿನ ಬಾಡಿಗೆ ಕರಾರಿನಲ್ಲಿ ಹಾಗೇ ಇತ್ತು ಯಜಮಾನ್ರೆ" ಎಂದ ಹರಿಪ್ರಸಾದ ಬೆದರಿ.

"ನಮ್ಮಪ್ಪ ಈಗ ಅಲ್ಲೇ ಇರೋದ್ರೀ! ಮೇಲೆ! ಅವರನ್ನ ಕರೆದು, ಏನಯ್ಯಾ ಸುಬ್ಬಪ್ಪ, ಏನಿದು ನಿನ್ನ ಮಗನ ಕತೆ ಅಂತ ಕೇಳಿದ್ರೆ? ಕಣದಲ್ಲಿ ಕೂತು ಬಂದೋರಿಗೆಲ್ಲ ಅನ್ನ ಹಾಕಿದ ಮನುಷ್ಯ ಅವರು. ವಾಪಸ್ ತಗೊಳ್ಳಿ ಅದನ್ನ!"

"ಮೇಲೆ ಎಲ್ಲಾ ಒಂದೇ ಆಫೀಸು ಯಜಮಾನ್ರೆ" ಎಂದು ಸ್ಟೆಲ್ಲಾ ಪಾತ್ರೆಯ ಹಿಂದಿನಿಂದ ಸೇರಿಸಿದಳು.

ಕಾಗದವನ್ನು ವಾಪಸ್ ತೆಗೆದುಕೊಳ್ಳಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹರಿಪ್ರಸಾದನೊಳಗಿನ ಪ್ರಥಮ ದರ್ಜೆ ಸಹಾಯಕ ಎಚ್ಚೆತ್ತ. ಕಾಲರು ಸರಿಮಾಡಿಕೊಂಡ. "ಹಾಗೆ ವಾಪಸ್ ಬರಲ್ಲ. ನಿಮ್ಮ ಆಕ್ಷೇಪಣೆ ಇದ್ರೆ ಹೇಳಿಕೆ ಕೊಡಬಹುದು. ಖುದ್ದು ನಿಂತು, ಬಾಯಿಬಿಟ್ಟು ಹೇಳ್ಬೇಕು. ಆಮೆನ್ ಅನ್ನೋದಕ್ಕೆ ಮುಂಚೆ."

"ಬೇಗ ಹೇಳಿ, ಅನ್ನ ಆರ್ತಾ ಇದೆ" ಎಂದಳು ಸ್ಟೆಲ್ಲಾ.

ಕೃಷ್ಣಪ್ಪನವರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಟೇಪನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಬೇರೆ ದಾರಿ ಕಾಣದೆ ಕೃಷ್ಣಪ್ಪನವರು ಚಪ್ಪಲಿ ಬಿಟ್ಟು ಮುಂದೆ ಬಂದು, ವಲ್ಲಿಯನ್ನು ಸೊಂಟಕ್ಕೆ ಕಟ್ಟಿ, ಸೂರಿನ ಕಡೆ ಮುಖ ಮಾಡಿ ಕೈಮುಗಿದರು.

"ಸ್ವಾಮೀ. ನಾನು ಕೃಷ್ಣಪ್ಪ. ನೀವು ನಮ್ಮೋರಲ್ಲ... ಅಂದ್ರೆ, ನಾನು ನಿಮ್ಮೋನಲ್ಲ. ತಪ್ಪು ತಿಳ್ಕೋಬೇಡಿ. ಇವ್ರು ಹೇಳಿದ್ದು ನಿಜ, ಆದ್ರೆ ಪೂರ್ತಿ ಅಲ್ಲ. ಈ ಸಲ ಫಸಲು ಜಾಸ್ತಿ. ಹೊರಗಿಟ್ರೆ ಆಗಲ್ಲ. ಇಬ್ಬನಿ ಬೀಳುತ್ತೆ. ಅಡಿಕೆ ಒಂದ್ಸಲ ಒದ್ದೆ ಆಯ್ತು ಅಂದ್ರೆ ಕೆಟ್ಟೇ ಹೋಯ್ತು, ಆಮೇಲೆ ಯಾರೂ ಮೂಸಲ್ಲ. ಅದಕ್ಕೆ ಒಂದು ಸೂರು ಬೇಕೇ ಬೇಕು ಸ್ವಾಮೀ. ಬಯಲಲ್ಲಿ ಬಿಡೋಕಾಗಲ್ಲ..."

ಹೇಳುತ್ತಾ ಹೇಳುತ್ತಾ ಅವರ ಕಣ್ಣು ಸೂರಿನಿಂದ ಕೆಳಗಿಳಿಯಿತು. ಖಾಲಿ ತಟ್ಟೆ ಹಿಡಿದ ಮಕ್ಕಳು ಬಾಯಿ ತೆರೆದುಕೊಂಡೇ ಅವರನ್ನು ನೋಡುತ್ತಿದ್ದವು. ಕೃಷ್ಣಪ್ಪನವರು "ಬಯಲಲ್ಲಿ..." ಎಂದು ಇನ್ನೊಮ್ಮೆ ಶುರುಮಾಡಿದರು. ಮುಂದಕ್ಕೆ ಹೋಗಲಾಗಲಿಲ್ಲ. ತಾವು ಹೇಳಿದ್ದು ತಮ್ಮ ಕಿವಿಗೇ ಬಿದ್ದಿತ್ತು. ವಲ್ಲಿ ಬಿಚ್ಚಿ ಮುಖ ಒರೆಸಿಕೊಂಡರು.

"ಹೋಗ್ಲಿ ಸ್ವಾಮೀ. ಮೂಟೆಗೆ ನಾನು ಏನಾದ್ರೂ ಮಾಡ್ಕೊಳ್ತೀನಿ. ಇವರು ಮುಂದಿನ ಡಿಸೆಂಬರ್‌ವರೆಗೆ ಇಲ್ಲೇ ಇರ್ಲಿ. ನಮ್ಮಪ್ಪನಿಗೆ ಹೇಳಿ."

"ಆಮೆನ್!" ಎಂದು ಮಕ್ಕಳು ಅಷ್ಟು ಹೊತ್ತಿನಿಂದ ಬಾಯಲ್ಲಿ ಹಿಡಿದಿಟ್ಟುಕೊಂಡಿದ್ದನ್ನು ಒಮ್ಮೆಲೇ ಬಿಟ್ಟವು. ಶೀಟು ಅದುರಿತು. ಕೃಷ್ಣಪ್ಪನವರು ಬೆಚ್ಚಿಬಿದ್ದರು; ಇನ್ನು ಮಾತು ತಿದ್ದುವಂತಿರಲಿಲ್ಲ. ಯುವರಾಜ್ ಅಳುತ್ತಿದ್ದರು. ಬಾಗಿಲಲ್ಲಿದ್ದ ಹೆಂಗಸರೂ ಅಳುತ್ತಿದ್ದರು. ಹರಿಪ್ರಸಾದನಿಗೂ ಅಳು ಬಂತು. ಆದರೆ ಸ್ಟೆಲ್ಲಾ ಅವನ ಕೈಗೆ ಸಾಂಬಾರಿನ ಬಕೆಟ್ಟು ಕೊಟ್ಟುಬಿಟ್ಟದ್ದರಿಂದ ಬಡಿಸುತ್ತಲೇ ಅಳಬೇಕಾಯಿತು.

ಸಾಲಿನ ಕೊನೆಯಲ್ಲಿ ಕೃಷ್ಣಪ್ಪನವರಿಗೂ ಯಾರೋ ತಟ್ಟೆ ಕೊಟ್ಟು ಕೂರಿಸಿದ್ದರು. ಹರಿಪ್ರಸಾದ ಅವರ ಅನ್ನದ ಮೇಲೆ ಸಾಂಬಾರು ಹಾಕಲು ಬಗ್ಗಿದಾಗ ಅವರು ಅವನ ಮೊಣಕೈ ಹಿಡಿದು ಹತ್ತಿರ ಎಳೆದರು.

"ಸಾರ್, ಮುಂದಿನ ಡಿಸೆಂಬರ್‌ಗೆ ಮತ್ತೆ ನಾನೇ ಬಂದು ಹೇಳ್ಬೇಕಾ?"

"ಹೌದು. ನವೀಕರಣಕ್ಕೆ ಖುದ್ದು ಬರ್ಬೇಕು."

"ಬರ್ತೀನಿ ಸಾರ್. ಬರುವಾಗ ಏನೇನು ದಾಖಲೆ ತರ್ಲಿ?"

ಈ ಪ್ರಶ್ನೆಯನ್ನು ಹರಿಪ್ರಸಾದ ತನ್ನ ಸರ್ವೀಸಿನಲ್ಲಿ ಸಾವಿರ ಬಾಯಿಗಳಿಂದ ಕೇಳಿದ್ದ. ಮೂಲಪ್ರತಿ, ಜೆರಾಕ್ಸು, ಎರಡು ಫೋಟೊ, ನಾಳೆ ಬನ್ನಿ, ಸಾಹೇಬರಿಲ್ಲ ಎಂಬ ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿಯನ್ನೂ ತೆರೆದ. ಪಕ್ಕದಲ್ಲಿ ಪೂಜಿತಾ ಎರಡು ಕೆನ್ನೆ ತುಂಬ ಅನ್ನ ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

"ಏನೂ ಬೇಡ ಯಜಮಾನ್ರೆ" ಎಂದ. "ಹಸ್ಕೊಂಡು ಬನ್ನಿ, ಸಾಕು."